ಚಂದ್ರನಲ್ಲಿ ಮನೆ ಮಾಡುವವರ ಗಮನಕ್ಕೆ

ಆಗಸ್ಟ್ 23 ರಾಷ್ಟ್ರೀಯ ಬಾಹ್ಯಾಕಾಶ ದಿನ. 2023ರಲ್ಲಿ ಅಂದು ಸಂಜೆ ಚಂದ್ರಯಾನ-3ರ ವಿಕ್ರಮ್ ಚಂದ್ರನ ಮೇಲೆ ಇಳಿದಿತ್ತು. ಆ ದಿನ ಹತ್ತಿರ ಬಂತೆಂದರೆ ಶಾಲೆಗಳಲ್ಲಿ ಥರ್ಮಾಕೋಲು, ಫೆವಿಕಾಲು, ಬೆಳ್ಳಿ ಬಣ್ಣದ ಕಾಗದ ಹೊರಬರುತ್ತವೆ. ಚಂದ್ರನಲ್ಲಿ ಮನುಷ್ಯ ಎಲ್ಲಿ ವಾಸ ಮಾಡಬೇಕು, ಅಲ್ಲೇ ಇರುವ ಗುಹೆಯಲ್ಲೋ ನಾವು ಕಟ್ಟಿದ ಮನೆಯಲ್ಲೋ ಎಂದು ಮಾದರಿ, ಭಾಷಣ, ಚರ್ಚಾಸ್ಪರ್ಧೆ ಶುರುವಾಗುತ್ತವೆ. ವಾದ ಮಾಡಲಿ, ಒಳ್ಳೆಯದೇ. ಆದರೆ ಮಳೆಗಾಲದಲ್ಲಿ ಗುಡ್ಡದ ಬುಡದಲ್ಲಿ ಮಲಗಿ ಗೊತ್ತಿರುವ ಮೂಡಿಗೆರೆ ಸೀಮೆಯವರು ಗುಹೆ, ಮಣ್ಣು, ಮಾಡು ಇವುಗಳ ಬಗ್ಗೆ ಬಾಯಿಗೆ ಬಂದದ್ದು ಹೇಳಬಾರದು. ಅದಕ್ಕೇ ಈ ಸೂಚನೆ. ಮಾದರಿ ಮಾಡುವ ಮಕ್ಕಳಿಗೆ, ಮಾಡಿಸುವ ಮೇಷ್ಟ್ರು-ಮೇಡಂಗಳಿಗೆ, ಮಕ್ಕಳ ಹೆಸರಲ್ಲಿ ರಾತ್ರಿ ಕೂತು ತಾವೇ ಮಾಡುವ ಅಪ್ಪ-ಅಮ್ಮಂದಿರಿಗೆ, ಎಲ್ಲರಿಗೂ ಇದು ಅನ್ವಯ.

ಮೊದಲು ಗುಡ್ಡದ ವಿಷಯ

ಚಂದ್ರನನ್ನು ನೋಡಬೇಕೆಂದು ಆಗಸ್ಟಿನಲ್ಲಿ ದೇವರಮನೆ ಗುಡ್ಡ ಹತ್ತಬೇಡಿ. ಎದುರಿಗಿರುವ ಕಾಲಭೈರವೇಶ್ವರನ ಗುಡಿಯೇ ಮಂಜಿನಲ್ಲಿ ಕಾಣದಿರುವಾಗ ಚಂದ್ರ ಎಲ್ಲಿ ಕಾಣಬೇಕು? (ಬಾಹ್ಯಾಕಾಶ ದಿನ ಮಲೆನಾಡಿನ ಪಾಲಿಗೆ ಸರಿಯಾಗಿ ಮೋಡದ ತಿಂಗಳಲ್ಲೇ ಬಿದ್ದಿದೆ. ದೂರು ಕೊಡಲು ಜಾಗವಿಲ್ಲ.) ಮಳೆ ಕಳೆದು ಕಾಫಿ ಕೊಯ್ಲು ಶುರುವಾದ ಮೇಲೆ, ಶುಕ್ಲಪಕ್ಷದ ಸಪ್ತಮಿ ಅಷ್ಟಮಿಯ ಸಂಜೆ, ಮನೆಯಂಗಳದಿಂದಲೇ ಒಂದು ಬೈನಾಕ್ಯುಲರ್ ಹಿಡಿದು ನೋಡಿ. ಬೆಳಕು ಕತ್ತಲೆ ಕೂಡುವ ಗೆರೆಯ ಮೇಲೆ ಕುಳಿಗಳ ನೆರಳು ಚೆನ್ನಾಗಿ ಬೀಳುತ್ತದೆ. ಹುಣ್ಣಿಮೆಯಂದು ನೋಡಿದರೆ ಬರೀ ಬಿಳುಪು.

ಗುಡ್ಡಕ್ಕೆ ಹೋಗಲೇಬೇಕೆಂದರೆ ಇಲಾಖೆಯವರು ಹಾಕಿದ ಸಮಯ ಮೀರಬಾರದು. ಮಂಜಿನಲ್ಲಿ ಅಂಚಿಗೆ ಹೋಗಬಾರದು. ಬಾಟಲಿ, ಪ್ಲಾಸ್ಟಿಕ್ಕು ಬಿಟ್ಟು ಬರಬಾರದು.

ಮಾಡಬೇಕಾದ್ದು

ಮನೆ ಯಾವುದರಿಂದ ಕಾಪಾಡಬೇಕು ಎಂಬುದನ್ನು ಮೊದಲು ಬರೆಯಬೇಕು. ನಮ್ಮಲ್ಲಿ ಮನೆ ಎಂದರೆ ಮಳೆಗೆ ಅಡ್ಡ. ಅಲ್ಲಿ ಮಳೆ ಇಲ್ಲ, ಗಾಳಿಯೂ ಇಲ್ಲ. ಹಗಲು ನಮ್ಮ ಲೆಕ್ಕದ ಹದಿನಾಲ್ಕು ದಿನ, ರಾತ್ರಿಯೂ ಹೆಚ್ಚುಕಡಿಮೆ ಅಷ್ಟೇ. ಸಮಭಾಜಕದ ಹತ್ತಿರ ನಡುಹಗಲು 120 ಡಿಗ್ರಿ ಸೆಲ್ಸಿಯಸ್ ಮುಟ್ಟುವ ನೆಲ ರಾತ್ರಿ ಶೂನ್ಯಕ್ಕಿಂತ 130 ಡಿಗ್ರಿಗೂ ಕೆಳಗೆ ಹೋಗುತ್ತದೆ. ಮರಳಿನ ಕಣದಷ್ಟು ಸಣ್ಣ ಉಲ್ಕೆಯೂ ನಡುವೆ ಉರಿದುಹೋಗದೆ ನೇರ ಬಂದು ಬಡಿಯುತ್ತದೆ. ಎಲ್ಲಕ್ಕಿಂತ ದೊಡ್ಡದು ವಿಕಿರಣ. ಚೀನಾದ ಚಾಂಗ್-ಇ 4 ನೌಕೆ 2019ರಲ್ಲಿ ಅಲ್ಲಿ ಅಳೆದದ್ದು ದಿನಕ್ಕೆ ಸುಮಾರು 1,369 ಮೈಕ್ರೋಸೀವರ್ಟ್. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಇರುವವರ ಮೈಗೆ ತಗಲುವುದರ ಎರಡೂವರೆ ಪಟ್ಟಿಗೂ ಹೆಚ್ಚು. ನಿಮ್ಮ ಮಾದರಿಯ ಒಂದೊಂದು ಗೋಡೆಯೂ ಈ ಪಟ್ಟಿಯಲ್ಲಿ ಯಾವುದಕ್ಕೆ ಉತ್ತರ ಎಂದು ಕೇಳಿದರೆ ಹೇಳಲು ಬರಬೇಕು. ಬರದ ಗೋಡೆಯನ್ನು ತೆಗೆದುಬಿಡಿ.

ಮಣ್ಣಿನ ಬೆಲೆ ತಿಳಿಯಬೇಕು. ವಿಕ್ರಮ್ ಹೊತ್ತೊಯ್ದಿದ್ದ ಚೇಸ್ಟ್ ಎಂಬ ಉಪಕರಣ ಚಂದ್ರನ ಮಣ್ಣಿಗೆ ಒಂದು ಸಲಾಕೆ ಚುಚ್ಚಿ ಬಿಸಿ ಅಳೆಯಿತು. ಮೇಲೆ 50 ಡಿಗ್ರಿ ದಾಟಿದ್ದ ಬಿಸಿ 8 ಸೆಂಟಿಮೀಟರ್ ಕೆಳಗೆ ಶೂನ್ಯಕ್ಕಿಂತ 10 ಡಿಗ್ರಿ ಕಡಿಮೆಯಾಗಿತ್ತು. ಒಂದು ಗೇಣು ಕೂಡ ಇಲ್ಲ, ಅಷ್ಟರಲ್ಲೇ 60 ಡಿಗ್ರಿ ವ್ಯತ್ಯಾಸ. ಕಾರಣ, ಆ ಪುಡಿಯ ಕಣಗಳ ಸಂದಿನಲ್ಲಿ ಗಾಳಿ ಇಲ್ಲ, ಕಣಕ್ಕೆ ಕಣ ತಾಗುವ ಜಾಗವೂ ಕಡಿಮೆ, ಬಿಸಿ ಕೆಳಗೆ ದಾಟಲು ದಾರಿಯೇ ಇಲ್ಲ. ಇದನ್ನು ಮಕ್ಕಳು ಕೈಯಾರೆ ನೋಡಬಹುದು. ಬಿಸಿಲು ಬಿದ್ದ ದಿನ ಕಾಫಿ ಒಣಗಿಸುವ ಕಣದಲ್ಲಿ ಒಂದು ಬಕೆಟ್ ತುಂಬ ಒಣಗಿದ ಕ್ರಷರ್ ಪುಡಿ ಇಟ್ಟು, ಮಧ್ಯಾಹ್ನ ಮೇಲೊಂದು ಥರ್ಮಾಮೀಟರ್, 8 ಸೆಂಟಿಮೀಟರ್ ಆಳಕ್ಕೊಂದು ಥರ್ಮಾಮೀಟರ್ ಇಟ್ಟು ಬರೆದುಕೊಳ್ಳಲಿ. ಜ್ವರ ನೋಡುವ ಥರ್ಮಾಮೀಟರ್ ಬೇಡ, ಒಡೆಯುತ್ತದೆ. ನಮ್ಮಲ್ಲಿ ಪುಡಿಯ ಸಂದಿನಲ್ಲಿ ಗಾಳಿ ಇರುವುದರಿಂದ ಅಷ್ಟು ವ್ಯತ್ಯಾಸ ಬರುವುದಿಲ್ಲ. ಬಂದಷ್ಟನ್ನೇ ಬರೆಯಬೇಕು, ಚೇಸ್ಟ್‌ನ ಅಂಕಿ ನಕಲು ಮಾಡಬಾರದು.

ಬಿಸಿ ತಡೆಯಲು ಇಷ್ಟು ಮಣ್ಣು ಸಾಕು. ವಿಕಿರಣ ತಡೆಯಲು ಸಾಲದು. ಮಣ್ಣಿನ ಪದರ ತೆಳುವಾಗಿದ್ದರೆ ಮೇಲಿಂದ ಬಂದ ಕಣಗಳು ಅದಕ್ಕೆ ಬಡಿದು ನ್ಯೂಟ್ರಾನ್‌ಗಳನ್ನು ಎಬ್ಬಿಸುತ್ತವೆ, ಒಳಗಿರುವವರಿಗೆ ಅದು ಇನ್ನೊಂದು ಕಾಟ. ಹಾಗಾಗಿ ಕಟ್ಟಿದ ಮನೆಯ ಮೇಲೆ 2ರಿಂದ 3 ಮೀಟರ್ ಮಣ್ಣು ಹೇರಿದಂತೆ ತೋರಿಸಬೇಕು. ಮನೆ ಕಾಣದೆ ಬರೀ ದಿಬ್ಬ ಕಂಡರೆ ಮಾದರಿ ಸರಿಯಿದೆ ಎಂದರ್ಥ.

ಮಾಡಿನ ಲೆಕ್ಕ ತಲೆಕೆಳಗು ಮಾಡಿ ನೋಡಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಇಷ್ಟು ಮಣ್ಣು ಹೇರಿದರೆ ಮಾಡು ಕುಸಿಯುವುದಿಲ್ಲವೇ ಎಂದು ಕೇಳುತ್ತಾರೆ. ಭೂಮಿಯ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 10 ಟನ್ ಭಾರದಷ್ಟು ಒತ್ತುತ್ತದೆ. ಅದೇ ಗಾಳಿಯನ್ನು ಚಂದ್ರನ ಮೇಲಿನ ಮನೆಯೊಳಗೆ ತುಂಬಿದರೆ ಹೊರಗಡೆ ಎದುರು ಒತ್ತಲು ಏನೂ ಇಲ್ಲ, ಅಷ್ಟೂ ಬಲ ಗೋಡೆ ಮಾಡುಗಳನ್ನು ಹೊರಕ್ಕೆ ನೂಕುತ್ತದೆ. ಮೇಲಿರುವ 3 ಮೀಟರ್ ಮಣ್ಣು ಭೂಮಿಯಲ್ಲಾದರೆ ಚದರ ಮೀಟರಿಗೆ 5 ಟನ್ ತೂಗುತ್ತಿತ್ತು. ಅಲ್ಲಿ ಗುರುತ್ವ ಆರರಲ್ಲಿ ಒಂದು ಪಾಲು, ಆದ್ದರಿಂದ ಒಂದು ಟನ್ನೂ ಇಲ್ಲ. ಒಳಗಿನ ಗಾಳಿಯನ್ನು ಮೂರನೇ ಒಂದಕ್ಕೆ ಇಳಿಸಿದರೂ ಅದರ ಕೈಯೇ ಮೇಲು. ಅಂದರೆ ಆ ಮನೆಯ ಭಯ ಕುಸಿಯುವುದಲ್ಲ, ಒಡೆಯುವುದು. ಗೋಡೆಗೆ ಬೇಕಾದ್ದು ಹೊರುವ ಶಕ್ತಿಗಿಂತ ಎಳೆತ ತಾಳುವ ಶಕ್ತಿ. ಇಟ್ಟಿಗೆ ಹೊರುತ್ತದೆ, ಎಳೆದರೆ ಬಿಡುತ್ತದೆ. ಅದಕ್ಕೇ ಒಳಗಡೆ ಗಾಳಿ ಹಿಡಿದಿಡುವ ಬಲವಾದ ಬಟ್ಟೆಯ ಅಥವಾ ಲೋಹದ ಕೋಣೆ, ಹೊರಗೆ ಇಟ್ಟಿಗೆ, ಮಣ್ಣು ಎಂದು ಎರಡು ಪದರ ತೋರಿಸಬೇಕು.

ಗುಹೆಯ ಪರ ಇರುವವರು ಕಂಡದ್ದು ಯಾವುದು, ಅಂದಾಜು ಯಾವುದು ಎಂದು ಬೇರೆಬೇರೆ ಬಣ್ಣದಲ್ಲಿ ಬರೆಯಬೇಕು. 2009ರಲ್ಲಿ ಜಪಾನಿನ ಕಗುಯಾ ನೌಕೆಯ ಚಿತ್ರಗಳಲ್ಲಿ ಮಾರಿಯಸ್ ಹಿಲ್ಸ್ ಎಂಬಲ್ಲಿ ಸುಮಾರು 60 ಮೀಟರ್ ಅಗಲದ ಬಾವಿಯಂಥ ಕುಳಿ ಸಿಕ್ಕಿತು. ಇದು ಕಂಡದ್ದು. ಅಂಥವು ಈಗ 200ಕ್ಕೂ ಹೆಚ್ಚು ಗುರುತಾಗಿವೆ. ಇದೂ ಕಂಡದ್ದೇ. ಮೇರ್ ಟ್ರಾಂಕ್ವಿಲಿಟಾಟಿಸ್ ಎಂಬ ಕಪ್ಪು ಬಯಲಿನ ಕುಳಿ ಸುಮಾರು 100 ಮೀಟರ್ ಅಗಲ, ಹೆಚ್ಚುಕಡಿಮೆ ಅಷ್ಟೇ ಆಳ. ಅದರ ನೆರಳಿನ ಭಾಗ ಹಗಲೂ ರಾತ್ರಿ 17 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ ಎಂದು 2022ರಲ್ಲಿ ಅಮೆರಿಕದ ವಿಜ್ಞಾನಿಗಳು ಹೇಳಿದರು. ನಮ್ಮ ಡಿಸೆಂಬರಿನ ಬೆಳಗಿನ ಚಳಿ! ಆದರೆ ಅದು ಮೇಲೆ ಸುತ್ತುವ ನೌಕೆಯ ಅಳತೆ ಮತ್ತು ಕಂಪ್ಯೂಟರಿನ ಲೆಕ್ಕದಿಂದ ಬಂದದ್ದು, ಒಳಗೆ ಯಾರೂ ಥರ್ಮಾಮೀಟರ್ ಇಟ್ಟು ನೋಡಿಲ್ಲ. ಅದೇ ಕುಳಿಯ ತಳದಿಂದ ಪಕ್ಕಕ್ಕೆ ಹತ್ತಾರು ಮೀಟರ್ ಪೊಳ್ಳು ಇದೆ ಎಂದು 2024ರಲ್ಲಿ ಇಟಲಿಯ ಟ್ರೆಂಟೊ ವಿಶ್ವವಿದ್ಯಾಲಯದವರು ತೋರಿಸಿದ್ದು 2010ರ ರೇಡಾರ್ ದಾಖಲೆಗಳಿಂದ.

ನಮ್ಮವರ ಕೆಲಸವನ್ನು ಬಿಡಬಾರದು. 2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ರ ಟೆರೇನ್ ಮ್ಯಾಪಿಂಗ್ ಕ್ಯಾಮೆರಾ 5 ಮೀಟರ್ ಗಾತ್ರದ ವಸ್ತುವೂ ತಿಳಿಯುವಷ್ಟು ಸ್ಪಷ್ಟವಾಗಿ ಚಿತ್ರ ತೆಗೆಯಿತು. ಅಹಮದಾಬಾದಿನ ಸ್ಪೇಸ್ ಅಪ್ಲಿಕೇಷನ್ಸ್ ಸೆಂಟರಿನ ಎ.ಎಸ್. ಆರ್ಯ ಮತ್ತು ಸಂಗಡಿಗರು ಆ ಚಿತ್ರಗಳಿಂದ ನೆಲದ ಏರುತಗ್ಗಿನ ನಕ್ಷೆ ಮಾಡಿ, ಓಶಿಯಾನಸ್ ಪ್ರೊಸೆಲ್ಲಾರಂನಲ್ಲಿ ಕುಸಿಯದೆ ಉಳಿದ ಸುಮಾರು 1.7 ಕಿ.ಮೀ. ಉದ್ದದ ಲಾವಾ ಸುರಂಗವನ್ನು ಗುರುತಿಸಿದರು. ಅವರ ಲೇಖನ ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ 2011ರಲ್ಲಿ ಬಂತು. ಉದ್ದಕ್ಕೆ ಕುಸಿದು ಕಾಲುವೆಯಾದ ಹಳ್ಳ, ನಡುವೆ ಒಂದು ತುಂಡು ಮಾತ್ರ ಮಾಡು ಉಳಿದು ನಿಂತದ್ದು. ಲಾವಾ ಹರಿಯುವಾಗ ಮೇಲ್ಪದರ ಆರಿ ಗಟ್ಟಿಯಾಗಿ, ಒಳಗಿನದು ಹರಿದು ಖಾಲಿಯಾದರೆ ಇಂಥ ಸುರಂಗ ಉಳಿಯುತ್ತದೆ.

ಮಾಡಬಾರದ್ದು

ಗಾಜಿನ ಗುಮ್ಮಟ ಮಾಡಬಾರದು. ಮಾಡಿದ ಮಾದರಿಗಳಲ್ಲಿ ಅರ್ಧ ಇದೇ ಇರುತ್ತದೆ. ಪ್ಲಾಸ್ಟಿಕ್ ಬಟ್ಟಲು ಕವುಚಿ, ಒಳಗೊಂದು ಗಿಡ, ಪಕ್ಕದಲ್ಲೊಂದು ಬಾವುಟ. ವಿಕಿರಣಕ್ಕೆ ಅದು ಬಾಗಿಲು ತೆರೆದಿಟ್ಟ ಮನೆ.

ತೋಟದ ಕೆಂಪು ಮಣ್ಣನ್ನು ಚಂದ್ರನ ಮಣ್ಣೆಂದು ಹರಡಬಾರದು. ನಮ್ಮದರಲ್ಲಿ ನೀರಿದೆ, ಎಲೆಗೊಬ್ಬರವಿದೆ, ಎರೆಹುಳವಿದೆ. ಚಂದ್ರನದು ಉಲ್ಕೆ ಬಡಿದು ಬಡಿದು ಪುಡಿಯಾದ ಕಲ್ಲು, ಸವೆಸಲು ನೀರು ಗಾಳಿ ಇಲ್ಲದ್ದರಿಂದ ಗಾಜಿನ ಚೂರಿನಷ್ಟು ಹರಿತ. 1972ರಲ್ಲಿ ಅಪೊಲೊ 17ರ ಹ್ಯಾರಿಸನ್ ಶ್ಮಿಟ್‌ಗೆ ಆ ಧೂಳಿನಿಂದ ಮೂಗು ಕಟ್ಟಿ ಶೀತ ಹಿಡಿದಂತಾಗಿತ್ತು. ಇಸ್ರೋದವರು ಪರೀಕ್ಷೆಗೆ ಬಳಸಿದ್ದು ತಮಿಳುನಾಡಿನ ಸಿತ್ತಂಪೂಂಡಿಯ ಅನಾರ್ಥೊಸೈಟ್ ಕಲ್ಲಿನ ಪುಡಿ. ನಿಮಗೆ ಕ್ರಷರ್ ಪುಡಿ ಸಾಕು. ಜರಡಿ ಹಿಡಿಯುವಾಗ ಮಕ್ಕಳ ಮೂಗಿಗೆ ಬಟ್ಟೆ ಕಟ್ಟಿಸಿ, ಆ ಬಟ್ಟೆಯನ್ನೇ ಆಮೇಲೆ ಮಾದರಿಯ ಪಕ್ಕದಲ್ಲಿಡಿ. ಮನೆಯ ಬಾಗಿಲಲ್ಲಿ ಧೂಳು ಝಾಡಿಸುವ ಕೋಣೆ ಏಕೆ ಬೇಕೆಂದು ಅದೇ ಹೇಳುತ್ತದೆ.

ಸಿಮೆಂಟು ಬಳಸಿದೆವು ಎನ್ನಬಾರದು. ಕಲಸಲು ನೀರೆಲ್ಲಿ? ಬೇಕಾದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಟ್ಟಿಗೆಯ ಕಥೆ ಹೇಳಿ. ಅಲೋಕ್ ಕುಮಾರ್, ಕೌಶಿಕ್ ವಿಶ್ವನಾಥನ್ ಅವರ ತಂಡ ಇಸ್ರೋ ಜೊತೆ ಸೇರಿ 2020ರಲ್ಲಿ ಪ್ರಕಟಿಸಿದ ಕೆಲಸ ಅದು. ಚಂದ್ರನ ಮಣ್ಣನ್ನು ಹೋಲುವ ಪುಡಿಗೆ ಸ್ಪೋರೋಸಾರ್ಸಿನಾ ಪಾಶ್ಚುರೈ ಎಂಬ ಬ್ಯಾಕ್ಟೀರಿಯಾ, ಯೂರಿಯಾ, ಕ್ಯಾಲ್ಸಿಯಂ, ಜೊತೆಗೆ ಗೋರಿಕಾಯಿ ಬೀಜದಿಂದ ತೆಗೆದ ಅಂಟು. ಬ್ಯಾಕ್ಟೀರಿಯಾ ಯೂರಿಯಾ ಒಡೆದು ಸುಣ್ಣದ ಹರಳು ಕಟ್ಟುತ್ತದೆ, ಹರಳು ಪುಡಿಯನ್ನು ಹಿಡಿದು ಇಟ್ಟಿಗೆ ಮಾಡುತ್ತದೆ. ಯೂರಿಯಾ ಎಲ್ಲಿಂದ ಎಂದರೆ ಮನುಷ್ಯರ ಮೂತ್ರದಿಂದ. ಮಕ್ಕಳು ನಗಲಿ, ಆದರೆ ಮರೆಯುವುದಿಲ್ಲ. ಅದೇ ತಂಡ ಆಮೇಲೆ ಪುಡಿಯನ್ನು ಕಾಯಿಸಿ ಗಟ್ಟಿ ಮಾಡಿದ ಇಟ್ಟಿಗೆಗಳಲ್ಲಿ ಬಿಟ್ಟ ಬಿರುಕನ್ನು ಬ್ಯಾಕ್ಟೀರಿಯಾದಿಂದಲೇ ಮುಚ್ಚುವ ಕೆಲಸಕ್ಕೂ ಕೈಹಾಕಿತು. ಆದರೆ ಇದೆಲ್ಲ ಪ್ರಯೋಗಶಾಲೆಯ ಇಟ್ಟಿಗೆ. ಚಂದ್ರನ ಮೇಲೆ ಇದುವರೆಗೆ ಒಂದು ಇಟ್ಟಿಗೆಯನ್ನೂ ಯಾರೂ ಮಾಡಿಲ್ಲ. ಹಾಗೆಂದು ದೊಡ್ಡಕ್ಷರದಲ್ಲಿ ಬರೆಯಿರಿ.

ಗುಹೆ ಹೊಕ್ಕರೆ ಮನೆ ಕಟ್ಟುವ ಕೆಲಸ ತಪ್ಪಿತು ಎನ್ನಬಾರದು. ಗುಹೆಯಲ್ಲಿ ಗಾಳಿಯಿಲ್ಲ. ಬಂಡೆಯ ಬಿರುಕು ಮುಚ್ಚಿ ಗಾಳಿ ತುಂಬುವುದು ಆಗದ ಮಾತು. ಅದರೊಳಗೂ ಗಾಳಿ ಹಿಡಿಯುವ ಕೋಣೆ ಕಟ್ಟಲೇಬೇಕು. ಗುಹೆ ಉಳಿಸುವುದು ಮೇಲೆ ಹೇರುವ ಮಣ್ಣಿನ ಕೆಲಸವನ್ನು ಮಾತ್ರ. ಅದು ಸಣ್ಣದಲ್ಲ, ಒಪ್ಪುತ್ತೇನೆ. ಹತ್ತಾರು ಮೀಟರ್ ದಪ್ಪದ ಕಲ್ಲಿನ ಮಾಡು ಪುಕ್ಕಟೆ ಸಿಕ್ಕಿದರೆ ಒಳಗಿನ ಕೋಣೆ ತೆಳುವಾಗಿದ್ದರೂ ನಡೆಯುತ್ತದೆ. ರಾತ್ರಿಯ ಚಳಿಯ ಕಾಟವೂ ಇಲ್ಲ. ವಿಕ್ರಮ್ ಮತ್ತು ಅದರ ರೋವರ್ ಪ್ರಜ್ಞಾನ್ ಹದಿನಾಲ್ಕು ದಿನದ ಆ ರಾತ್ರಿ ಕಳೆದ ಮೇಲೆ ಮತ್ತೆ ಏಳಲೇ ಇಲ್ಲ ಎಂಬುದು ನೆನಪಿರಲಿ. ಆದರೆ ಒಳಗೆ ಬಿಸಿಲಿಲ್ಲ, ರೇಡಿಯೊ ಸಿಗ್ನಲ್ ಇಲ್ಲ. ವಿದ್ಯುತ್ತಿಗೂ ಮಾತಿಗೂ ಮೇಲಿಂದ ತಂತಿ ಎಳೆಯಬೇಕು.

ಬಾಗಿಲು ಯಾವುದು ಎಂಬುದನ್ನು ಮರೆಯಬಾರದು. ಈ ಸೂಚನೆಯಲ್ಲಿ ಒಂದೇ ಒಂದು ಮಾತು ಓದಲು ಪುರುಸೊತ್ತಿರುವವರು ಇದನ್ನು ಓದಿ. ಚಂದ್ರನ ಗುಹೆ ಇದೆ ಎಂದು ನಮಗೆ ತಿಳಿದದ್ದೇ ಅದರ ಮಾಡು ಒಂದು ಕಡೆ ಕುಸಿದು ತೂತಾದ್ದರಿಂದ. ನೀವು ಒಳಗೆ ಹೋಗುವ ದಾರಿ ಎಂದರೆ ಮಾಡು ಬಿದ್ದ ಜಾಗ. ಕೆಳಗೆ ಬಿದ್ದ ಬಂಡೆಗಳ ರಾಶಿ, ಮೇಲೆ ಇನ್ನೂ ಬೀಳದೆ ಉಳಿದ ಅಂಚು. 2019ರ ಆಗಸ್ಟಿನಲ್ಲಿ ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದು ಮನೆ ತೋಟಗಳು ಮಣ್ಣುಪಾಲಾದದ್ದನ್ನು ಕಂಡವರು, ಧರೆ ಜರಿದ ಜಾಗದ ಕೆಳಗೆ ಹೋಗಿ ಮನೆ ಹಾಕುತ್ತೀರಾ? ನಮ್ಮ ಗುಡ್ಡ ಜರಿದದ್ದು ನೀರು ಕುಡಿದು. ಒಳಗೆ ಜಲ ಎದ್ದದ್ದು ಮೇಲಿನಿಂದ ನೋಡಿದವರಿಗೆ ತಿಳಿಯಲಿಲ್ಲ. ಚಂದ್ರನಲ್ಲಿ ಆ ಕಾರಣ ಇಲ್ಲ, ನಿಜ. ಅಲ್ಲಿನ ಸುರಂಗಗಳ ಮಾಡು ನೂರಾರು ಕೋಟಿ ವರ್ಷ ನಿಂತಿದೆ, ಅದೂ ನಿಜ. ಆದರೂ ಹೊರಗಿನಿಂದ ನೋಡಿ ಒಳಗಿನದನ್ನು ಹೇಳಲಾಗದು ಎಂಬ ಮಾತು ಅಲ್ಲಿಗೂ ಹೊಂದುತ್ತದೆ. ನಿಂತ ಮಾಡಿನ ಪಕ್ಕದಲ್ಲೇ ಬಿದ್ದ ಮಾಡು ಇದೆಯಲ್ಲ.

ಚಂದ್ರನಲ್ಲಿ ನೆಲ ನಡುಗುವುದಿಲ್ಲ ಎನ್ನಬಾರದು. ಅಪೊಲೊ ಯಾತ್ರಿಗಳು ಇಟ್ಟುಬಂದ ಕಂಪನಮಾಪಕಗಳು 1977ರವರೆಗೆ ನಡೆದವು. ದಾಖಲಾದ ಕಂಪನಗಳಲ್ಲಿ 5ರ ತೀವ್ರತೆ ಮುಟ್ಟಿದವೂ ಇದ್ದವು, ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಅಲುಗಿದವೂ ಇದ್ದವು. ಚಂದ್ರಯಾನ-3ರಲ್ಲಿ ಇಲ್ಸಾ ಎಂಬ ಕಂಪನಮಾಪಕವಿತ್ತು. ಬೆಂಗಳೂರಿನಲ್ಲೇ ತಯಾರಾದದ್ದು.

ಗುರುತ್ವ ಕಡಿಮೆ, ಕುಳಿಗೆ ಬಿದ್ದರೂ ಏನಾಗುವುದಿಲ್ಲ ಎಂದು ಮಕ್ಕಳಿಗೆ ಹೇಳಿಕೊಡಬಾರದು. ಅಲ್ಲಿ 100 ಮೀಟರ್ ಕೆಳಗೆ ಬಿದ್ದರೆ ತಳ ಮುಟ್ಟುವಾಗ ವೇಗ ಗಂಟೆಗೆ 65 ಕಿ.ಮೀ. ನಮ್ಮಲ್ಲಿ ಐವತ್ತೈದು ಅಡಿ ಮೇಲಿಂದ ಬಿದ್ದ ಹಾಗೆ. ಮೆಣಸು ಕೊಯ್ಯಲು ಸಿಲ್ವರ್ ಮರ ಹತ್ತುವವರನ್ನು ಕೇಳಿ, ಐವತ್ತೈದು ಅಡಿ ಎಂದರೆ ಏನೆಂದು ಹೇಳುತ್ತಾರೆ. ಇಳಿಯಲು ಏಣಿ ಸಾಲದು, ಕ್ರೇನ್ ಬೇಕು. ಕೆಟ್ಟರೆ ರಿಪೇರಿಗೆ ಬರುವವರು ಯಾರೂ ಇಲ್ಲ.

ಗುಹೆಯ ಪಕ್ಕದಲ್ಲಿ ಮಂಜುಗಡ್ಡೆ ಬರೆಯಬಾರದು. ಚರ್ಚೆಯಲ್ಲಿ ಗುಹೆಯವರನ್ನು ಸೋಲಿಸುವ ಮಾತು ಇದು. ಹೆಸರಾದ ಗುಹೆಗಳಿರುವುದು ಲಾವಾ ಹರಿದ ಕಪ್ಪು ಬಯಲುಗಳಲ್ಲಿ. ಮಾರಿಯಸ್ ಹಿಲ್ಸ್‌ನದೂ, ಮೇರ್ ಟ್ರಾಂಕ್ವಿಲಿಟಾಟಿಸ್‌ನದೂ ಸಮಭಾಜಕದ ಹತ್ತಿರದವು. ಮಂಜುಗಡ್ಡೆ ಇರುವುದು ಧ್ರುವಗಳ ಬಿಸಿಲು ಕಾಣದ ಕುಳಿಗಳಲ್ಲಿ. ಟ್ರಾಂಕ್ವಿಲಿಟಾಟಿಸ್ ಗುಹೆಯಿಂದ ದಕ್ಷಿಣ ಧ್ರುವಕ್ಕೆ ಸುಮಾರು 3,000 ಕಿ.ಮೀ. ದೂರ, ದಾರಿಯಿಲ್ಲದ ದಾರಿ. ಕೊಡ ಹಿಡಿದು ಯಾರು ಹೋಗಬೇಕು? ಧ್ರುವದ ಕೆಲವು ಏಣುಗಳ ಮೇಲೆ ವರ್ಷದ ಬಹುಪಾಲು ಬಿಸಿಲೂ ಇರುತ್ತದೆ. ನೀರು, ಬಿಸಿಲು ಎರಡೂ ಒಂದೇ ಕಡೆ ಸಿಗುವಾಗ ಮಾಡನ್ನು ನಾವು ಹಾಕಿಕೊಳ್ಳುವುದು ಸುಲಭ.

ನಮ್ಮ ಊರಿನ ಗುಹೆ ತೋರಿಸಿ ಚಂದ್ರನ ಗುಹೆ ಹೀಗೇ ಎನ್ನಬಾರದು. ಮುಳ್ಳಯ್ಯನಗಿರಿಯದಾಗಲಿ, ಚಿತ್ರದುರ್ಗದ ಚಂದ್ರವಳ್ಳಿಯದಾಗಲಿ ಲಾವಾ ಸುರಂಗವಲ್ಲ.

ಸುರಂಗ ತೋಡಿಬಿಡೋಣ ಎನ್ನುವವರು ಅವಸರ ಮಾಡಬಾರದು. ಇದು ಗುಹೆಯೂ ಅಲ್ಲದ, ಕಟ್ಟಡವೂ ಅಲ್ಲದ ಮೂರನೇ ದಾರಿ. ಘಟ್ಟದ ಕೆಳಗಿನವರಿಗೆ ಬೇಗ ಹೊಳೆಯುತ್ತದೆ. ಕಾಸರಗೋಡು, ಪುತ್ತೂರು, ಬಂಟ್ವಾಳದ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೈಯಲ್ಲೇ ಸುರಂಗ ಕೊರೆದಿದ್ದಾರೆ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದೇ ಆ ಕೆಲಸದಿಂದ. ಒಬ್ಬರೇ ಕೊರೆದ ಅವರ ಮೊದಲ ಸುರಂಗಗಳಲ್ಲಿ ನೀರು ಸಿಗಲಿಲ್ಲ, ಆದರೂ ಬಿಡಲಿಲ್ಲ. ಜಂಬಿಟ್ಟಿಗೆ ಕಲ್ಲು ಆಸರೆಯಿಲ್ಲದೆ ನಿಲ್ಲುತ್ತದೆ, ಆದ್ದರಿಂದ ಅದು ಆಗುತ್ತದೆ. ಚಂದ್ರನ ಮೇಲಿನದು ಸಡಿಲ ಪುಡಿ, ಸ್ವಲ್ಪ ಕೆಳಗೆ ಹೋದರೆ ಬಿಗಿದು ಕೂತಿರುತ್ತದೆ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಎರಡೂವರೆ ಮೀಟರಿನಷ್ಟೂ ಕೊರೆಯಲಾಗದೆ, ಸಿಕ್ಕಿಕೊಂಡ ಕೊಳವೆಯನ್ನು ಕಿತ್ತುತೆಗೆಯಲು ಹೆಣಗಿದರು. ಜೆಸಿಬಿ ಕಳಿಸಬಹುದಲ್ಲ ಎಂದು ಕೇಳುವವರು ಅದರ ತೂಕವನ್ನೂ ಹೇಳಲಿ.

ತೀರ್ಪುಗಾರರಿಗೆ

ಗುಹೆಯೋ ಮನೆಯೋ ಎಂದರೆ ನನ್ನ ಉತ್ತರ ಒಂದೇ: ಮೊದಲ ರಾತ್ರಿ ಮಣ್ಣು ಹೊದ್ದ ಮನೆಯಲ್ಲಿ, ಧ್ರುವದ ಹತ್ತಿರ. ಗುಹೆಗೆ ಮೊದಲು ಹೋಗಬೇಕಾದ್ದು ಯಂತ್ರ. ಅದು ಇಳಿದು, ಮಾಡು ತಟ್ಟಿ, ಬಿರುಕು ಅಳೆದು, ಕೆಲವು ವರ್ಷ ಕಂಪನ ದಾಖಲಿಸಲಿ. ಆಮೇಲೆ ಸಾಮಾನು ಇಡಿ. ಮನುಷ್ಯರು ಅದಾದ ಮೇಲೆ. ದೊಡ್ಡ ಊರು ಕಟ್ಟುವ ಕಾಲಕ್ಕೆ ಗುಹೆಯೇ ಗೆಲ್ಲಬಹುದು, ಏಕೆಂದರೆ ಸಾವಿರ ಜನರ ಮೇಲೆ 3 ಮೀಟರ್ ಮಣ್ಣು ಹೇರುವುದು ಹುಡುಗಾಟವಲ್ಲ.

ಇದಕ್ಕೆ ಒಪ್ಪದ ಮಗುವಿಗೆ ಅಂಕ ಕಡಿಮೆ ಮಾಡಬೇಡಿ. ಒಳಗಿನ ಗಾಳಿ ಎಷ್ಟು ಒತ್ತುತ್ತದೆ, ಮಣ್ಣು ಎಷ್ಟು ದಪ್ಪ, ನೀರು ಎಷ್ಟು ದೂರ, ಈ ಮೂರನ್ನು ಕೇಳಿ. ಮೂರಕ್ಕೂ ಅಂಕಿ ಹೇಳಿದವರಿಗೆ, ಅವರದು ಗುಹೆಯಾಗಲಿ ಮನೆಯಾಗಲಿ, ಮೊದಲ ಬಹುಮಾನ ಕೊಡಿ. ಎಲ್‌ಇಡಿ ಬಲ್ಬು ಮಿನುಗಿಸಿದ ಗಾಜಿನ ಗುಮ್ಮಟಕ್ಕೆ ಸಮಾಧಾನಕರ ಬಹುಮಾನವೂ ಬೇಡ.